ಧಾರವಾಡ ನೋಡೋದಕ್ಕೆ ಚಿಗರಿಯೇ ಸೈ: ಬಾಡಿಗೆ ಕಾರು, ಸ್ಕೂಟಿ ಎರಡನ್ನೂ ಹತ್ತಿಳಿದವನ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಚಿಗರಿಗೆ, ಅಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿಗೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಮನೆ. ಪರ ಊರಿಂದ ಬಂದ ನೆಂಟರಿಷ್ಟರೆಲ್ಲ ಎರಡನೇ ದಿನಕ್ಕೆ ಕೇಳುವುದು ಒಂದೇ ಮಾತು: "ಧಾರವಾಡ ತೋರಿಸ್ರಿ." ಬೇಂದ್ರೆಯವರ ಮನೆ, ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ, ಯುನಿವರ್ಸಿಟಿಯ ಮ್ಯೂಸಿಯಂ, ಬರುವಾಗ ಲೈನ್ ಬಜಾರಿನಲ್ಲಿ ಪೇಡೆ. ಇದಕ್ಕಾಗಿ ಬಾಡಿಗೆ ಕಾರು ಮಾಡಿದ್ದೇನೆ, ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಸ್ಕೂಟಿ ಹೊಡೆದಿದ್ದೇನೆ, ಚಿಗರಿ ಹತ್ತಿ ಮುಂದಿನದನ್ನು ನಡಿಗೆ, ಆಟೊಗಳಲ್ಲಿ ಸುತ್ತಿದ್ದೇನೆ. ಯಾವ ಕಾರಿನಲ್ಲಿ ಎಷ್ಟು ಸೀಟು, ಸ್ಕೂಟಿಗೆ ಎಷ್ಟು ಪೆಟ್ರೋಲು ಎಂಬುದೆಲ್ಲ ನಿಮಗೂ ಗೊತ್ತು, ಅದನ್ನು ಬಿಡೋಣ.

ಹೋಲಿಸುವ ಮೊದಲು ಧಾರವಾಡದ ಗುಣ ಒಂದಿಷ್ಟು ಹೇಳಬೇಕು. ಟಿಕೆಟ್ ತಗೊಂಡು ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬೀಳುವ ಊರಲ್ಲ ಅದು. ನೋಡುವಂಥದ್ದೆಲ್ಲ ಕಾಲೇಜು, ಕೆರೆ, ಓಣಿ, ಮನೆಗಳ ನಡುವೆ ಚೆದುರಿಕೊಂಡಿದೆ. ಕರ್ನಾಟಕ ಕಾಲೇಜನ್ನೇ ನೋಡಿ. ಶುರುವಾದದ್ದು 1917ರಲ್ಲಿ. ಇವತ್ತು ಅದು ಇರುವ ಹಳೆಯ ಕಲ್ಲಿನ ಕಟ್ಟಡ ಒಂದು ಕಾಲಕ್ಕೆ ಸದರ್ನ್ ಮರಾಠಾ ರೈಲ್ವೆಯ ಕಚೇರಿ. ಈಗಲೂ ಅಲ್ಲಿ ಹುಡುಗರು ಪರೀಕ್ಷೆ ಬರೆಯುತ್ತಾರೆ. ಬೋರ್ಡು ಹಚ್ಚಿ, ಹಗ್ಗ ಕಟ್ಟಿ ಇಟ್ಟ ಸ್ಮಾರಕವಲ್ಲ. ಬೇಂದ್ರೆ ಭವನವಾದರೂ ಅಷ್ಟೇ, ಸಾಧನಕೇರಿಯ ವಸತಿಗಳ ನಡುವೆಯೇ ಇದೆ. ಇಂಥ ಕಡೆ ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲೇ ಲೆಕ್ಕ ಹಾಕಲಿಕ್ಕೆ ಬರುವುದಿಲ್ಲ. ಯಾರೋ ಹಿರಿಯರು ಕಟ್ಟೆಯ ಮೇಲೆ ಕೂತಿರುತ್ತಾರೆ, "ಬರ್ರಿ, ಕುಂದ್ರರಿ" ಅಂತಾರೆ, ಹಳೆಯ ಕಥೆ ತೆಗೆಯುತ್ತಾರೆ, ಮುಕ್ಕಾಲು ತಾಸು ಹೋದದ್ದೇ ಗೊತ್ತಾಗುವುದಿಲ್ಲ. ಧಾರವಾಡ ನೋಡುವುದು ಅಂದರೆ ಅರ್ಧ ಕೇಳುವುದೇ.

ಬಾಡಿಗೆ ಕಾರು ಕೈಕೊಟ್ಟದ್ದು ಸರಿಯಾಗಿ ಇಲ್ಲೇ.

ದಾವಣಗೆರೆಯಿಂದ ಬೀಗರು ಬಂದಿದ್ದರು. ಚಿಗರಿಯಲ್ಲಿ ಹೋಗೋಣ ಅಂದದ್ದಕ್ಕೆ ಮನೆಯವಳು ದನಿ ತಗ್ಗಿಸಿ, "ಏನ್ರೀ, ಬೀಗರನ್ನ ಬಸ್ಸಿನ್ಯಾಗ ಕರಕೊಂಡು ಹೊಕ್ಕೀರೇನು?" ಅಂದಳು. ಅಲ್ಲಿಗೆ ಮಾತು ಮುಗಿಯಿತು. ಟ್ರಾವೆಲ್ಸ್‌ನವರೊಬ್ಬರಿಗೆ ಫೋನ್ ಮಾಡಿ 8 ತಾಸು, 80 ಕಿಲೋಮೀಟರಿನ ಪ್ಯಾಕೇಜ್ ಹೇಳಿದೆ. ಹೋಗಿ ಬರಲು ನಲವತ್ತು ಚಿಲ್ಲರೆ ಕಿಲೋಮೀಟರು, ಊರೊಳಗೆ ಹದಿನೈದು ಅಂದರೂ ಧಾರಾಳ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಲೆಕ್ಕ ತಪ್ಪೇನಲ್ಲ, ಕಿಲೋಮೀಟರು ಕೊನೆಗೂ ಮಿಕ್ಕಿದ್ದವು. ಆದರೆ ತಾಸುಗಳು? ಡ್ರೈವರ್ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದವನೇ ಹೇಳಿದ: "ಗಾಡಿ ಗ್ಯಾರೇಜ್ ಬಿಟ್ಟಾಗಿಂದ ಲೆಕ್ಕರೀ ಸರ, ವಾಪಸ್ ಗ್ಯಾರೇಜ್ ಮುಟ್ಟೂ ತನಕ." ಗ್ಯಾರೇಜು ಇದ್ದದ್ದು ಗಬ್ಬೂರಿನ ಕಡೆ, ಅಂದರೆ ಹುಬ್ಬಳ್ಳಿಯ ಆ ತುದಿ. ನಾವಿರುವುದು ಧಾರವಾಡದ ಕಡೆಯ ಈ ತುದಿ. ಬೀಗರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಅವರ ಮನೆಯವರು ಸೀರೆ ಉಟ್ಟು ಕಾರು ಹತ್ತುವ ಹೊತ್ತಿಗೆ ಎಂಟರಲ್ಲಿ ಒಂದೂವರೆ ತಾಸು ಕರಗಿತ್ತು. ಸಂಜೆ ಗಾಡಿ ಗಬ್ಬೂರು ಮುಟ್ಟುವುದಕ್ಕೂ ನಮ್ಮ ಗಂಟಿನಿಂದಲೇ ಹೊತ್ತು ತೆಗೆದಿಡಬೇಕು.

ಡ್ರೈವರನನ್ನು ಬೈಯುವ ಹಾಗಿಲ್ಲ, ಪಾಪ, ಒಳ್ಳೆಯ ಹುಡುಗ. ಲೆಕ್ಕ ಮಾಲೀಕನದು, ನಮ್ಮ ಬಿಲ್ಲು ಬೆಳೆಯದಿರಲಿ ಎಂಬ ಕಾಳಜಿ ಅವನದು. ಆ ಕಾಳಜಿಯೇ ದಿನವಿಡೀ ನಮ್ಮ ಬೆನ್ನು ಹತ್ತಿತು. ಬೀಗರು ನಿವೃತ್ತ ಕನ್ನಡ ಮಾಸ್ತರರು. 1973ರ ಸಾಲಿನ ಜ್ಞಾನಪೀಠ ಬೇಂದ್ರೆಯವರಿಗೆ ಬಂದ ಸುದ್ದಿಗೆ ತಮ್ಮ ಶಾಲೆಯಲ್ಲಿ ಹೇಗೆ ಸಕ್ಕರೆ ಹಂಚಿದ್ದರೆಂದು ಬೇಂದ್ರೆ ಭವನದ ಫೋಟೊಗಳ ಮುಂದೆ ನಿಂತು ಹೇಳುತ್ತಿದ್ದರು. ಹೊರಗಿನಿಂದ ಒಂದು ಹಾರ್ನ್. ಸ್ವಲ್ಪ ತಡೆದು ನನ್ನ ಮೊಬೈಲಿಗೆ ಮಿಸ್ಡ್ ಕಾಲ್. ಓಣಿ ಸಣ್ಣದು, ಯಾರದೋ ಗೇಟಿಗೆ ಅಡ್ಡ ನಿಲ್ಲಿಸಿದ್ದನಂತೆ, ತೆಗೆಯಿರಿ ಅಂದಿದ್ದಾರೆ. ಹೊರಗೆ ಬಂದಾಗ, "ಅಕ್ಕಾರ, ಮುಂದಿಂದು ಹತ್ತು ಮಿನಿಟಿನ್ಯಾಗ ಮುಗಿಸ್ರಿ" ಅಂತ ಬೀಗಿತ್ತಿಗೇ ಹೇಳಿಬಿಟ್ಟ. ಮನ್ಸೂರರ 'ಮೃತ್ಯುಂಜಯ' ಮನೆಯಲ್ಲಿ ಹತ್ತು ಮಿನಿಟು! ಅವರ ಒಂದು ಆಲಾಪಕ್ಕೂ ಸಾಲದ ಹೊತ್ತು ಅದು.

ಯುನಿವರ್ಸಿಟಿ ಗುಡ್ಡ ಹತ್ತಿ, ಕನ್ನಡ ಸಂಶೋಧನಾ ಸಂಸ್ಥೆಯ ಮ್ಯೂಸಿಯಂನಲ್ಲಿ ವೀರಗಲ್ಲುಗಳ ಮುಂದೆ ನಿಂತಿದ್ದಾಗ ಮತ್ತೆ ಫೋನು: "ಸರ, ಟೈಮ್ ಆತ್ರಿ, ಇನ್ನ ಎಕ್ಸ್‌ಟ್ರಾ ಹತ್ತತೈತಿ." ಬೀಗರ ಕಿವಿಗೆ ಬಿತ್ತು. ಅವರು ಏನೂ ಅನ್ನದೆ ಜೇಬಿಗೆ ಕೈ ಹಾಕಿ ನೋಟು ತೆಗೆದರು. ಯಾವ ಮರ್ಯಾದೆಗೆಂದು ಕಾರು ಮಾಡಿದ್ದೆವೋ ಅದು ಅಲ್ಲೇ ವೀರಗಲ್ಲಿನ ಮುಂದೆ ಮಣ್ಣುಪಾಲು. "ಛೇ ಛೇ, ಇಡ್ರಿ ಒಳಗ" ಎಂದು ಅವರ ಕೈ ಹಿಡಿದು ನಿಲ್ಲಿಸುವುದರಲ್ಲಿ ಶಾಸನದ ಕಲ್ಲುಗಳನ್ನು ನೋಡುವ ಮನಸ್ಸೇ ಹೋಯಿತು. ಹೆಚ್ಚುವರಿ ತಾಸು, ಡ್ರೈವರ್ ಭತ್ಯೆ, ಅವನ ಊಟ, ಟೋಲು ಎಲ್ಲ ಸೇರಿ ಬಂದ ಬಿಲ್ಲಿನಲ್ಲಿ ಓಣಿಯವರಿಗೆಲ್ಲ ಪೇಡೆ ಹಂಚಬಹುದಿತ್ತು.

ಎಸಿ ಚೆನ್ನಾಗಿತ್ತು. ಅದನ್ನೂ ಹೇಳಬೇಕಲ್ಲ.

ಸ್ಕೂಟಿಯದು ಸಣ್ಣ ಕಥೆ. ಗಂಡ ಹೆಂಡಿರಿಬ್ಬರೇ ಆದರೆ, ತಿಂಗಳು ಡಿಸೆಂಬರ್ ಆದರೆ, ಇದಕ್ಕಿಂತ ಸುಖವಿಲ್ಲ. ಸಾಧನಕೇರಿಯ ಕೆರೆದಂಡೆಗೆ ಬೇಕಾದರೆ ಹೋಗಿ ನಿಲ್ಲಬಹುದು, ಕೇಳುವವರಿಲ್ಲ. ಮಳೆಗಾಲದಲ್ಲಿ ಮಾತ್ರ ಆಗದ ಮಾತು. ಹುಬ್ಬಳ್ಳಿಯಲ್ಲಿ ಬಿಸಿಲಿದ್ದರೂ ನವಲೂರು ದಾಟುತ್ತಲೇ ಜಿಟಿಜಿಟಿ ಹಿಡಿದುಕೊಳ್ಳುತ್ತದೆ. ಒದ್ದೆ ರೇನ್‌ಕೋಟು ಕೈಯಲ್ಲಿ ಹಿಡಿದು ಯಾರ ಮನೆಯ ಪಡಸಾಲೆಗೆ ಕಾಲಿಡುತ್ತೀರಿ? ಅದೂ ಅಲ್ಲದೆ ಹೆದ್ದಾರಿಯ ಲಾರಿಗಳ ನಡುವೆ ಹೊಡೆಯುವ ವಯಸ್ಸು ನನ್ನದಲ್ಲ.

ಇನ್ನು ಚಿಗರಿ. ರಸ್ತೆ ನಡುವೆ ಅದಕ್ಕೇ ಬೇರೆ ದಾರಿ ಇರುವುದರಿಂದ ಉಣಕಲ್, ನವನಗರದ ಗದ್ದಲಕ್ಕೆ ಸಿಗುವುದಿಲ್ಲ. ನಿಲ್ದಾಣದ ಕಟ್ಟೆ, ಬಸ್ಸಿನ ನೆಲ ಎರಡೂ ಒಂದೇ ಸಮ, ಮೊಣಕಾಲು ನೋವಿನವರು ಮೆಟ್ಟಿಲು ಹತ್ತುವ ಫಜೀತಿ ಇಲ್ಲ. ಆದರೆ ನಿಲ್ದಾಣ ಇರುವುದೇ ರಸ್ತೆಯ ನಡುವೆ, ದಾಟುವಾಗ ಹಿರಿಯರ ಕೈ ಹಿಡಿಯಬೇಕು. ಕಾಲೇಜಿನ ಹೊತ್ತಿಗೆ ಹತ್ತಿದರೆ ನಿಂತೇ ಹೋಗಬೇಕು. ನಾನು ಹತ್ತು ಗಂಟೆಯ ಮೇಲೆ ಹೊರಡುತ್ತೇನೆ.

ನನಗೆ ಹಿಡಿಸಿದ್ದು ಬೇರೆಯೇ. ಎಕ್ಸ್‌ಪ್ರೆಸ್ ಬಿಟ್ಟು ಎಲ್ಲ ಕಡೆ ನಿಲ್ಲುವ ಬಸ್ಸು ಹತ್ತಿದರೆ ಉಣಕಲ್ಲಿನಲ್ಲಿ ಇಳಿದು ಚಂದ್ರಮೌಳೇಶ್ವರ ಗುಡಿ ನೋಡಿಕೊಂಡು ಮುಂದಿನ ಬಸ್ಸಿಗೆ ಹೋಗಬಹುದು. ಚಾಲುಕ್ಯರ ಕಾಲದ ಗುಡಿ, ನಾಲ್ಕೂ ದಿಕ್ಕಿಗೆ ಬಾಗಿಲು, ಸುತ್ತ ಮನೆಗಳು ಒತ್ತಿಕೊಂಡಿವೆ. ಕಾರಿನಲ್ಲಿ ಹೋದಾಗ ಡ್ರೈವರ್ "ಅದರಾಗೇನೈತ್ರಿ" ಎಂದು ಮುಂದೆ ಹೊಡೆದಿದ್ದ. ಇಳಿದು ಹತ್ತಿದರೆ ಟಿಕೆಟ್ ಮತ್ತೊಮ್ಮೆ ತಗೋಬೇಕು, ಅಷ್ಟೇ.

ಧಾರವಾಡದಲ್ಲಿ ಜುಬಿಲಿ ಸರ್ಕಲ್ಲಿಗೆ ಇಳಿದರೆ ಊರ ನಡುವಿನದೆಲ್ಲ ನಡಿಗೆಗೇ ಸಿಗುತ್ತದೆ. ಸುಭಾಷ್ ರೋಡಿನಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಜಿ. ಬಿ. ಜೋಶಿಯವರು 1933ರಲ್ಲಿ ಹಚ್ಚಿದ ಪ್ರಕಾಶನ. ಕುರ್ತಕೋಟಿ, ಕಾರ್ನಾಡರೆಲ್ಲ ಹತ್ತಿಳಿದ ಅಟ್ಟ. ಮ್ಯೂಸಿಯಂ ಎಂಬ ಹೆಸರಿಲ್ಲದ, ಆದರೆ ಯಾವ ಮ್ಯೂಸಿಯಂಗೂ ಕಡಿಮೆಯಲ್ಲದ ಜಾಗ. ಆ ಪೇಟೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋದೀತು. ಆಮೇಲೆ ಕರ್ನಾಟಕ ವಿದ್ಯಾವರ್ಧಕ ಸಂಘ. 1890ರಲ್ಲಿ ರಾ. ಹ. ದೇಶಪಾಂಡೆಯವರು ಮುಂದೆ ನಿಂತು ಕಟ್ಟಿದ್ದು, 'ಸಿರಿಗನ್ನಡಂ ಗೆಲ್ಗೆ' ಎಂಬ ಘೋಷ ಹುಟ್ಟಿದ್ದು ಅಲ್ಲಿಂದ. ಸಭಾಭವನದಲ್ಲಿ ಏನಾದರೂ ಕಾರ್ಯಕ್ರಮ ನಡೆದಿದ್ದರೆ ಹಿಂದಿನ ಕುರ್ಚಿಯಲ್ಲಿ ಕೂತುಬಿಡುತ್ತೇನೆ. ಎದ್ದು ಬಾ ಅನ್ನುವ ಹಾರ್ನ್ ಇಲ್ಲವಲ್ಲ! ನಡುವೆ ಗಿರ್ಮಿಟ್, ಮಿರ್ಚಿ, ಒಂದು ಚಹಾ.

ಸಾಧನಕೇರಿಗೆ, ಅಲ್ಲಿಂದ ಯುನಿವರ್ಸಿಟಿಗೆ ಆಟೊ. ಗುಡ್ಡದ ಮೇಲಿನ ಯುನಿವರ್ಸಿಟಿಗೆ ಚಿಗರಿ ಹೋಗುವುದಿಲ್ಲ, ಇದೊಂದು ಕೊರತೆ. ಸಿಬಿಟಿಯಿಂದ, ಅಂದರೆ ಸಿಟಿ ಬಸ್ ನಿಲ್ದಾಣದಿಂದ, ಸಿಟಿ ಬಸ್ಸು ಉಂಟು, ಸಾದಾ ಬಸ್ಸಾದ್ದರಿಂದ ಕರ್ನಾಟಕದ ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಸಂಶೋಧನಾ ಸಂಸ್ಥೆಗೆ ಮಾತ್ರ ಕೆಲಸದ ದಿನ, ಊಟದ ಹೊತ್ತು ತಪ್ಪಿಸಿ ಹೋಗಿ. ಮುಂಬಯಿ ಸರ್ಕಾರ 1939ರಲ್ಲಿ ತೆರೆದ ಸಂಸ್ಥೆ ಅದು, ಯುನಿವರ್ಸಿಟಿಗಿಂತ ಹಳೆಯದು. ಮೂರ್ತಿ, ಶಾಸನ, ತಾಳೆಗರಿ ಎಲ್ಲ ಇವೆ. ಕಲ್ಲಿನ ಪಕ್ಕದ ಚೀಟಿಗಳನ್ನು ಒಂದೂ ಬಿಡದೆ ಓದುವ ಚಟ ನನಗೆ. ಮಕ್ಕಳಿದ್ದರೆ ವಿಜ್ಞಾನ ಕೇಂದ್ರಕ್ಕೆ ಬಿಡಿ, ಅವರಿಗೆ ಚೀಟಿ ಓದುವ ಮುದುಕರ ಕಾಟ ಬೇಡ.

ಹಾಗಂತ ಕಾರು ಎಲ್ಲಿಗೂ ಬೇಡ ಅನ್ನುತ್ತಿಲ್ಲ. ಲಕ್ಕುಂಡಿಗೆ ನಾನೇ ಕಾರು ಮಾಡುತ್ತೇನೆ. ಗದಗಿನ ತ್ರಿಕೂಟೇಶ್ವರ, ವೀರನಾರಾಯಣ ನೋಡಿ, ಹತ್ತು ಹನ್ನೆರಡು ಕಿಲೋಮೀಟರು ಮುಂದೆ ಹೋಗಿ, ಅತ್ತಿಮಬ್ಬೆ ಕಟ್ಟಿಸಿದ ಬಸದಿ, ಕಾಶಿ ವಿಶ್ವನಾಥ, ಮುಸುಕಿನ ಬಾವಿ ಎಂದು ಸುತ್ತಲು ಗಾಡಿ ಬೇಕೇ ಬೇಕು. ಅಲ್ಲಿ ಕಲ್ಲುಗಳೇ ಮಾತಾಡುವುದು, ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡುವವರಿಲ್ಲ, ಹೊತ್ತಿನ ಅಂದಾಜು ಸಿಗುತ್ತದೆ. ಹಾವೇರಿ ಕಡೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೂ ಇದೇ ಮಾತು. ಆದರೆ ಗಾಡಿ ಹೇಳುವಾಗ ಮೊದಲ ಪ್ರಶ್ನೆ ದರದ್ದಲ್ಲ, "ಮನೆಯಿಂದ ಲೆಕ್ಕವೋ, ಗ್ಯಾರೇಜಿನಿಂದಲೋ?" ಎಂದು ಕೇಳಿ.

ಧಾರವಾಡಕ್ಕಾದರೆ, ಪಿಂಚಣಿಯಲ್ಲಿ ಮನೆ ನಡೆಸುವ, ನಿಧಾನ ನಡೆಯುವ, ಸಿಕ್ಕವರ ಜೊತೆ ಮಾತಿಗೆ ನಿಲ್ಲುವ ನನ್ನಂಥವನಿಗೆ ಚಿಗರಿ. ನಡೆಯಲಾಗದ ಹಿರಿಯರಿದ್ದರೂ ಚಿಗರಿಯಲ್ಲೇ ಬಂದು, ಜುಬಿಲಿ ಸರ್ಕಲ್ಲಿನಲ್ಲಿ ಅರ್ಧ ದಿನಕ್ಕೆ ಒಂದು ಆಟೊ ಗೊತ್ತುಮಾಡಿ. ಕೂರುವ ಮೊದಲೇ ದರ ಮಾತಾಡಿ ಮುಗಿಸಿಕೊಳ್ಳಿ, ಪೇಡೆ ಅಂಗಡಿಯ ಪಾಳಿಯಲ್ಲಿ ನಿಲ್ಲುವ ಹೊತ್ತನ್ನೂ ಅದರಲ್ಲೇ ಸೇರಿಸಿ.