ಫ್ಲಿಂಡರ್ಸ್ ಬೆಟ್ಟಗಳ ಕುದುರೆ ಸವಾರಿ: ಹಣ ಕಟ್ಟುವ ಮೊದಲು ಇದನ್ನು ಓದಿ

ದಕ್ಷಿಣ ಆಸ್ಟ್ರೇಲಿಯದ ಫ್ಲಿಂಡರ್ಸ್ ಬೆಟ್ಟಸಾಲಿನಲ್ಲಿ ಐದು ದಿನ ಕುದುರೆಯ ಮೇಲೆ ಸುತ್ತುವ ಆಸೆಯಿರುವವರು ದಯವಿಟ್ಟು ಸ್ವಲ್ಪ ತಡೆಯಿರಿ. ಜುಲೈ ರಜೆಯಲ್ಲಿ ನಾನೂ ಮಗಳೂ ಹೋಗಿ ಮೋಸಹೋಗಿ ಬಂದೆವು. ಬರೆಯಲು ನಾಚಿಕೆಯಾಗುತ್ತದೆ. ಆದರೆ ಅಡಿಲೇಡ್‌ನ ಇನ್ನೊಂದು ಕನ್ನಡ ಕುಟುಂಬ ಅದೇ ಸವಾರಿಯನ್ನು ವಿಚಾರಿಸುತ್ತಿದೆ ಎಂದು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ಇಬ್ಬರಿಗೆ 5,200 ಡಾಲರ್. ಪೂರ್ತಿ ಮುಂಗಡ, ಅದೂ ನೇರ ಬ್ಯಾಂಕ್ ಖಾತೆಗೆ. ಹಾಕರ್ ಊರಿನ ಆಚೆಯಿಂದ ಹೊರಟು ದಿನಕ್ಕೆ 15 ಕಿಲೋಮೀಟರ್ ಉತ್ತರಕ್ಕೆ, ಬಟ್ಟಲಿನಂತೆ ಸುತ್ತಲೂ ಬೆಟ್ಟವಿರುವ ವಿಲ್ಪೀನಾ ಪೌಂಡ್‌ನ ಬುಡದವರೆಗೆ ಎಂದು ಸವಾರಿಯ ಕಂಪನಿಯವರು ಹೇಳಿದ್ದರು. ಮೊಬೈಲ್ ಸಿಗದ ಜಾಗ, ಹಾಗಾಗಿ ಸ್ಯಾಟಲೈಟ್ ಫೋನ್ ಇರುತ್ತದೆ ಎಂದೂ ಹೇಳಿದ್ದರು. ಇರಲಿಲ್ಲ. ಕೇಳಿದರೆ, ‘ರಿಪೇರಿಗೆ ಹೋಗಿದೆ.’

ಎರಡನೆಯ ಸಂಜೆ ಮಗಳ ಕುದುರೆಯ ಜೀನು ಇಳಿಸಿದಾಗ ನೋಡಿದೆ. ಹೆಗಲ ಮೂಳೆಯ ಮೇಲೆ ಅಂಗೈಯಗಲ ಕೂದಲು ಉದುರಿ, ಚರ್ಮ ಕೆಂಪಾಗಿ ಒಸರುತ್ತಿತ್ತು. ಬೆಳಿಗ್ಗೆ ಮಾರ್ಗದರ್ಶಿ ಅದರ ಮೇಲೆಯೇ ಕಂಬಳಿ ಮಡಿಸಿಟ್ಟು ಮತ್ತೆ ಜೀನು ಬಿಗಿದ. ಮಗಳು ಹತ್ತಲಿಲ್ಲ. ಇಬ್ಬರೂ ಸರದಿಯ ಮೇಲೆ ನನ್ನ ಕುದುರೆ ಹತ್ತಿದೆವು, ಉಳಿದ ಹೊತ್ತು ನಡೆದೆವು.

ಮೂರನೆಯ ಮಧ್ಯಾಹ್ನ ಒಂದು ಗೇಟು ಸಿಕ್ಕಿತು. ಸರಪಳಿ ಇಲ್ಲದ, ಕಿತ್ತಳೆ ಬಣ್ಣದ ಹಗ್ಗ ಸುತ್ತಿದ ಗೇಟು. ಪಕ್ಕದಲ್ಲಿ ಎರಡು ರೆಕ್ಕೆ ಮುರಿದ ಗಾಳಿಯಂತ್ರ. ‘ಅಪ್ಪಾ, ಈ ಗಂಟು ಮೊದಲ ದಿನ ನೀನೇ ಹಾಕಿದ್ದಲ್ಲವೇ?’ ಎಂದಳು ಮಗಳು. ಹೌದು, ನನ್ನದೇ ಗಂಟು. ಊರಿನಲ್ಲಿ ಹಸು ಕಟ್ಟುವಾಗ ಅಜ್ಜ ಕಲಿಸಿದ ಗಂಟು. ಮೂರು ದಿನದಿಂದ ಒಂದೇ ಹೊಲದಲ್ಲಿ ನಮ್ಮನ್ನು ಸುತ್ತಿಸುತ್ತಿದ್ದರು! ಬೆಟ್ಟ ಹತ್ತಿರವಾಗುತ್ತಲೇ ಇಲ್ಲವಲ್ಲ ಎಂದು ನನಗೂ ಅನಿಸಿತ್ತು, ಬಾಯಿಬಿಟ್ಟು ಕೇಳಿರಲಿಲ್ಲ. ಮಗಳ ಮುಖ ನೋಡಲಾಗಲಿಲ್ಲ.

ಮಾರ್ಗದರ್ಶಿಯ ಉತ್ತರ: ‘ಇದು ಔಟ್‌ಬ್ಯಾಕ್ (ಒಳನಾಡಿನ ಬಯಲು), ಎಲ್ಲ ಕಡೆಯೂ ಹೀಗೆಯೇ ಕಾಣುತ್ತದೆ.’ ನನ್ನ ಗಂಟು ಕೂಡ ಎಲ್ಲ ಕಡೆ ಇರುತ್ತದೆಯೇ?

ಮನೆಗೆ ಬಂದು ಬರೆದರೆ ಕಂಪನಿಯ ಕಚೇರಿಯ ಮೊದಲ ಉತ್ತರ, ‘ಮಾರ್ಗ ಬದಲಾಗಬಹುದೆಂಬ ಕಾಗದಕ್ಕೆ ನೀವು ಸಹಿ ಹಾಕಿದ್ದೀರಿ.’ ಕುದುರೆಯ ಗಾಯದ ಬಗ್ಗೆ ಎರಡನೆಯದು, ‘ನಿಮ್ಮ ಮಗಳಿಗೆ ಸರಿಯಾಗಿ ಕೂರಲು ಬರುವುದಿಲ್ಲ.’ ಆರು ವರ್ಷದಿಂದ ಸವಾರಿ ಕಲಿಯುತ್ತಿರುವ ಹುಡುಗಿಗೆ ಈ ಮಾತು! ಮೂರನೆಯದು, ಮುಂದಿನ ವರ್ಷಕ್ಕೆ ಹತ್ತು ಶೇಕಡಾ ರಿಯಾಯಿತಿ. ಆಮೇಲೆ ಉತ್ತರವೇ ಇಲ್ಲ.

ಸಹಿ ಹಾಕಿದ ಕಾಗದಕ್ಕೆ ಹೆದರಿ ನಾನು ಎರಡು ವಾರ ಸುಮ್ಮನಿದ್ದೆ, ಅದೇ ತಪ್ಪು. ಬಿದ್ದು ಪೆಟ್ಟಾದರೆ ಹೊಣೆಯಲ್ಲ ಎಂದು ಇಂಥವರು ಬರೆಸಿಕೊಳ್ಳಬಹುದು. ಹೇಳಿದ ಸೇವೆಯನ್ನೇ ಕೊಡದೆ ಹಣ ಇಟ್ಟುಕೊಳ್ಳಲು ಆಸ್ಟ್ರೇಲಿಯದ ಗ್ರಾಹಕ ಕಾನೂನು ಬಿಡುವುದಿಲ್ಲ. ರಾಜ್ಯದ ಗ್ರಾಹಕ ಇಲಾಖೆಗೆ ಈಗ ದೂರು ಕೊಟ್ಟಿದ್ದೇನೆ. ಕಾರ್ಡ್‌ನಲ್ಲಿ ಕಟ್ಟಿದ್ದರೆ ಹಣ ವಾಪಸ್ ಕೊಡಿಸಿ ಎಂದು ಬ್ಯಾಂಕನ್ನಾದರೂ ಕೇಳಬಹುದಿತ್ತು.

ಹೋಗುವವರು ಮಾರ್ಗದ ನಕ್ಷೆ ಕೇಳಿ, ಸ್ಯಾಟಲೈಟ್ ಫೋನನ್ನು ಕಣ್ಣಾರೆ ನೋಡಿ, ಹತ್ತುವ ಮೊದಲು ಜೀನು ತೆಗೆಸಿ ಕುದುರೆಯ ಬೆನ್ನು ಸವರಿ ನೋಡಿ. ಕಂಪನಿ ಯಾವುದೆಂದು ಬೇಕಿದ್ದವರು ನನ್ನನ್ನೇ ಕೇಳಿ, ಹೇಳುತ್ತೇನೆ.