ದಾವಣಗೆರೆಯ ಜಿಲ್ಲಾ ಪುಟ: ತರಾಟೆ ಹೆಚ್ಚು, ತನಿಖೆ ಕಡಿಮೆ

ದಾವಣಗೆರೆಯಲ್ಲಿ ಸಿಗುವ ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟವನ್ನು ಒಂದು ಸೇವೆಯಾಗಿ ನೋಡಿದರೆ, ಉಪಯುಕ್ತ ಮಾಹಿತಿಗೆ ಐದರಲ್ಲಿ ನಾಲ್ಕು ಅಂಕ, ಆಡಳಿತದ ಮೇಲೆ ಕಣ್ಣಿಡುವ ಕಾವಲು ಕೆಲಸಕ್ಕೆ ಎರಡು.

ಆಡಳಿತವನ್ನು ಪ್ರಶ್ನಿಸುವುದೇ ತಮ್ಮ ಧರ್ಮ ಎಂಬುದನ್ನು ಪತ್ರಕರ್ತರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಆದರೆ ನಂಬಿಕೆ ಅಚ್ಚಿಗೆ ಇಳಿದಿದೆಯೇ? ಚಿಲಿಯ ಸಂಶೋಧಕಿ ಕ್ಲೌಡಿಯಾ ಮೆಲಾಡೊ ನೇತೃತ್ವದ ಬಹುದೇಶೀಯ ಅಧ್ಯಯನ ಇದೇ ಅಂತರವನ್ನು ಅಳೆಯುತ್ತದೆ: ಪತ್ರಕರ್ತರ ಮಾತನ್ನು ಕೇಳಿ, ಪ್ರಕಟವಾದ ಸುದ್ದಿಯನ್ನೂ ಪರೀಕ್ಷಿಸುತ್ತದೆ.

ಮನೆಯಲ್ಲೇ ಪರೀಕ್ಷಿಸುವುದು ಸುಲಭ. ಪೆನ್ನು ಹಿಡಿದು ‘ತಿಳಿಸಿದರು’, ‘ಕರೆ ನೀಡಿದರು’, ‘ಅಭಿಪ್ರಾಯಪಟ್ಟರು’ ಇರುವಲ್ಲೆಲ್ಲ ಗೆರೆ ಎಳೆಯಿರಿ. ಮಾತಾಡಿದವರೆಲ್ಲ ಒಂದೇ ವೇದಿಕೆಯವರಾದರೆ ಅದು ವರದಿಯಲ್ಲ, ಪ್ರಕಟಣೆ. ಹೆಚ್ಚು ಮೋಸಹೋಗುವುದು ‘ಅಧಿಕಾರಿಗಳಿಗೆ ಸಚಿವರ ತರಾಟೆ’ ಎಂಬ ಶೀರ್ಷಿಕೆಯಲ್ಲಿ. ಓದಲು ಖಾರವಾಗಿರುತ್ತದೆ, ಆದರೆ ಕೆಡಿಪಿ (ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನೆ) ಸಭೆಯಲ್ಲಿ ಪ್ರಶ್ನೆ ಕೇಳಿದ್ದು ಸಚಿವರು, ವರದಿಗಾರರಲ್ಲ. ಕಾಮಗಾರಿಯ ಮೊತ್ತ, ಗುತ್ತಿಗೆಯ ಗಡುವು, ಅಧಿಕಾರಿಯ ಉತ್ತರ, ಸ್ಥಳಕ್ಕೆ ಹೋಗಿ ಕಂಡದ್ದು, ಈ ನಾಲ್ಕರಲ್ಲಿ ಎರಡಾದರೂ ಇರಬೇಕು.

ಭದ್ರಾ ನೀರಿನ ಸುದ್ದಿಯೂ ಹೀಗೆಯೇ. ಜಲಾಶಯದ ಮಟ್ಟ ತಪ್ಪದೆ ಬರುತ್ತದೆ, ಪೂರ್ಣ ಮಟ್ಟ 186 ಅಡಿ ಎಂಬುದು ಇಲ್ಲಿನ ರೈತರಿಗೆಲ್ಲ ಬಾಯಿಪಾಠ. ಮಲೇಬೆನ್ನೂರು, ಹರಿಹರದ ಕೊನೆ ಭಾಗದವರಿಗೆ ಬೇಕಾದದ್ದು ಬೇರೆ: ತಮ್ಮ ನಾಲೆಯಲ್ಲಿ ಇಂದು ಎಷ್ಟು ಕ್ಯುಸೆಕ್, ಮುಂದಿನ ಸರದಿ ಯಾವಾಗ. ಅದು ಅಪರೂಪ. ಚಿತ್ರದುರ್ಗದ ಕಡೆಗೆ ನೀರು ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ ₹5,300 ಕೋಟಿ ಘೋಷಣೆಯಾಯಿತು. ಆಮೇಲಿನ ಹೇಳಿಕೆ, ಪ್ರತಿಹೇಳಿಕೆಗಳೆಲ್ಲ ಅಚ್ಚಾದವು. ಅಂಥ ಸುದ್ದಿಯಲ್ಲಿ ಘೋಷಿಸಿದ್ದೆಷ್ಟು, ಬಿಡುಗಡೆಯಾದದ್ದೆಷ್ಟು ಎಂಬ ಎರಡು ಸಾಲು ಇಲ್ಲದಿದ್ದರೆ ಚಿತ್ರದುರ್ಗದ ಓದುಗರಿಗೆ ಅದರಿಂದ ಏನೂ ಸಿಕ್ಕಂತಲ್ಲ.

ಇದಕ್ಕೆ ಸೋಮಾರಿತನ ಕಾರಣವಲ್ಲ. ತಾಲ್ಲೂಕಿನ ಅರೆಕಾಲಿಕ ವರದಿಗಾರರಿಗೆ ಗೌರವಧನ ಅತ್ಯಲ್ಪ, ಹಲವರು ಜಾಹೀರಾತಿನ ಕಮಿಷನ್ ನಂಬಿಕೊಂಡಿರುತ್ತಾರೆ. ಹುಟ್ಟುಹಬ್ಬದ ಜಾಹೀರಾತು ಕೊಟ್ಟ ಮುಖಂಡರ ಬಗ್ಗೆಯೇ ಮರುದಿನ ಕಟುವಾಗಿ ಬರೆ ಎನ್ನುವುದು ಅನ್ಯಾಯ. ಸಂಬಳ ಕೊಡದ ಮಾಲೀಕರು ಇದಕ್ಕೆ ಹೊಣೆ.

ಮಾರುಕಟ್ಟೆ ಧಾರಣೆ ಈ ಪುಟದ ಅತ್ಯುತ್ತಮ ಭಾಗ. ಮೆಕ್ಕೆಜೋಳಕ್ಕೆ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ) ದರ ಮೂರನ್ನೂ ಕೊಡುವ ಪತ್ರಿಕೆಯನ್ನೇ ಆರಿಸಿ. ಗರಿಷ್ಠ ದರ ಸಿಗುವುದು ಚೆನ್ನಾಗಿ ಒಣಗಿದ ಕೆಲವೇ ಲಾಟಿಗೆ. ಅದನ್ನೊಂದೇ ನಂಬಿ ಲಾರಿ ತುಂಬಿಸಿದರೆ ನಷ್ಟ. ಬೆಂಬಲ ಬೆಲೆ ಖರೀದಿಗೆ ತೇವಾಂಶ ಶೇ 14 ಮೀರಬಾರದು ಎಂಬುದನ್ನೂ ಜೊತೆಗೆ ಹಾಕುವ ಪುಟ ಇನ್ನೂ ಒಳ್ಳೆಯದು.

ತಪ್ಪು ಸುದ್ದಿ ಬಂದರೆ ಮೊದಲು ಸಂಪಾದಕರಿಗೆ ಲಿಖಿತವಾಗಿ ತಿಳಿಸಿ. ಸರಿಪಡಿಸದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಕೊಡಬೇಕು. ದಿನಾಂಕ ಕಾಣುವಂತೆ ಪುಟದ ತುಣುಕು, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಜೊತೆಗಿರಲಿ. ಮಂಡಳಿ ಎಚ್ಚರಿಕೆ, ಛೀಮಾರಿ ಕೊಡಬಲ್ಲದು, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ.