ಡಿಸ್ಕ್ ಫೈಲ್ ತೆರೆಯಲು ಕ್ಯೂಎಮು-ಎನ್‌ಬಿಡಿ: 4 ವರ್ಷ ಬಳಸಿದ ಮೇಲೆ

ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಓಡುವ ಇನ್ನೊಂದು ಕಂಪ್ಯೂಟರ್) ಬೂಟ್ ಆಗದೆ ಕೂತಾಗ ಅದರ ಡಿಸ್ಕ್ ಫೈಲ್ ಒಳಗೆ ಕೈ ಹಾಕಬೇಕಾಗುತ್ತದೆ. ಆ ಕೆಲಸಕ್ಕೆ ನಾನು 4 ವರ್ಷದಿಂದ ಬಳಸುತ್ತಿರುವುದು ಕ್ಯೂಎಮು-ಎನ್‌ಬಿಡಿ, ಅಂದರೆ ಕ್ಯೂಎಮು ಅನ್ನುವ ವರ್ಚುವಲ್ ಮಷೀನ್ ಸಾಫ್ಟ್‌ವೇರ್‌ನ ಒಂದು ಟೂಲ್. ಡಿಸ್ಕ್ ಫೈಲ್ ಕ್ಯೂಕೌ2, ವಿಡಿಐ, ವಿಎಂಡಿಕೆ ಯಾವ ರೂಪದಲ್ಲೇ ಇರಲಿ, ಆ ಫೈಲನ್ನು ನಿಜವಾದ ಹಾರ್ಡ್‌ಡಿಸ್ಕ್‌ನಂತೆ ಲಿನಕ್ಸ್ ಮುಂದೆ ಇಡುತ್ತದೆ. ಮೌಂಟ್ ಮಾಡಿ (ಒಂದು ಫೋಲ್ಡರ್‌ಗೆ ಜೋಡಿಸಿ), ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನ ಕೆಟ್ಟಿರುವ ಸಾಲನ್ನು ತಿದ್ದಿ, ಅನ್‌ಮೌಂಟ್ ಮಾಡಿದರೆ ಆಯಿತು. ನನ್ನ ಎಷ್ಟೋ ಡೇಟಾ ಉಳಿದಿರುವುದು ಇದರಿಂದಲೇ.

ಆದರೆ ಇದಕ್ಕೆ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಎನ್‌ಬಿಡಿ ಮಾಡ್ಯೂಲ್, ಅಂದರೆ ಬೇಕಾದಾಗ ಕರ್ನಲ್‌ಗೆ ಸೇರಿಸುವ ಡ್ರೈವರ್, ಬೇಕೇ ಬೇಕು. ನನ್ನ ಒಂದೇ ದೊಡ್ಡ ದೂರು ಇಲ್ಲಿದೆ. ಮಾಡ್ಯೂಲ್ ಲೋಡ್ ಆಗಿಲ್ಲ ಅಂತ ಟೂಲ್ ಹೇಳುವುದಿಲ್ಲ. ಆ ಮಾಡ್ಯೂಲ್ ಲೋಡ್ ಆದಾಗ ಹುಟ್ಟುವ ಎನ್‌ಬಿಡಿ0 ಅನ್ನುವ ಡಿವೈಸ್ ಫೈಲ್ ಇಲ್ಲ ಅಂತ ಮಾತ್ರ ಹೇಳಿ ನಿಂತುಬಿಡುತ್ತದೆ. ಹೊಸಬರು ಫೈಲ್ ಹೆಸರು ತಪ್ಪಾಯಿತೇನೋ ಅಂತ ಹುಡುಕುತ್ತಾ ಕೂರುತ್ತಾರೆ.

ಹಿಂದೊಮ್ಮೆ ನಾನೂ ಹಾಗೇ ಒಂದು ಸಂಜೆ ಪೂರ್ತಿ ಕಳೆದೆ. ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್ ಕಮಾಂಡ್ ಕೊಟ್ಟರೆ ಎನ್‌ಬಿಡಿ ಸಿಗಲಿಲ್ಲ ಅಂತ ಬಂತು. ಕ್ಯೂಎಮು ಪ್ಯಾಕೇಜನ್ನೇ ಎರಡು ಸಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಆ ಎರರ್ ಸಾಲನ್ನು ಪೂರ್ತಿ ಓದಿದೆ. ಯಾವ ಫೋಲ್ಡರ್‌ನಲ್ಲಿ ಹುಡುಕಿದೆ ಅಂತ ಅದರ ತುದಿಯಲ್ಲೇ ಇತ್ತು: 6.6.8. ಲಿಬ್ ಒಳಗಿನ ಮಾಡ್ಯೂಲ್ಸ್ ಫೋಲ್ಡರ್ ತೆರೆದು ನೋಡಿದರೆ ಅಲ್ಲಿದ್ದದ್ದು 6.6.10 ಒಂದೇ. ಬೆಳಿಗ್ಗೆ ಕರ್ನಲ್ ಅಪ್‌ಡೇಟ್ ಆಗಿತ್ತು, ಹಳೆಯ ಮಾಡ್ಯೂಲ್‌ಗಳು ಅಳಿಸಿಹೋಗಿದ್ದವು, ಓಡುತ್ತಿದ್ದದ್ದು ಮಾತ್ರ ಹಳೆಯ ಕರ್ನಲ್. ರೀಬೂಟ್ ಮಾಡಿದೆ, ಸರಿಹೋಯಿತು. ಈಗ ಏನೇ ತೊಂದರೆ ಬಂದರೂ ಮೊದಲು ಓಡುತ್ತಿರುವ ಕರ್ನಲ್‌ನ ನಂಬರ್ ತೋರಿಸುವ ಯುನೇಮ್ ಕಮಾಂಡ್ ಕೊಟ್ಟು, ಅದೂ ಮಾಡ್ಯೂಲ್ಸ್ ಫೋಲ್ಡರ್‌ನ ನಂಬರೂ ಹೊಂದುತ್ತವಾ ಅಂತ ನೋಡುತ್ತೇನೆ.

ನಂಬರ್ ಹೊಂದಿದರೂ ಮಾಡ್ಯೂಲ್ ಇಲ್ಲದಿದ್ದರೆ? ಕೆಲವು ಡಿಸ್ಟ್ರೋಗಳು (ಲಿನಕ್ಸ್‌ನ ಬೇರೆ ಬೇರೆ ಆವೃತ್ತಿಗಳು) ಜಾಸ್ತಿ ಬಳಕೆಯಿಲ್ಲದ ಡ್ರೈವರ್‌ಗಳನ್ನು ಬೇರೆ ಪ್ಯಾಕೇಜ್‌ನಲ್ಲಿ ಇಡುತ್ತವೆ. ಉಬುಂಟುವಿನಲ್ಲಿ ಅದು ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ, ಫೆಡೋರಾದಲ್ಲಿ ಕರ್ನಲ್-ಮಾಡ್ಯೂಲ್ಸ್-ಎಕ್ಸ್‌ಟ್ರಾ. ಅದೂ ಆಗದಿದ್ದರೆ ಬೂಟ್ ಫೋಲ್ಡರ್‌ನ ಕಾನ್ಫಿಗ್ ಫೈಲ್‌ನಲ್ಲಿ ಎನ್‌ಬಿಡಿ ಅಂತ ಹುಡುಕಿ. ಮುಂದೆ 'ಎಂ' ಇದ್ದರೆ ಅದು ಮಾಡ್ಯೂಲ್, 'ವೈ' ಇದ್ದರೆ ಕರ್ನಲ್ ಒಳಗೇ ಸೇರಿದೆ. 'ಸೆಟ್ ಆಗಿಲ್ಲ' ಅಂತ ಇದ್ದರೆ ಆ ಕರ್ನಲ್‌ನಲ್ಲಿ ಅದು ಇಲ್ಲವೇ ಇಲ್ಲ, ಎಷ್ಟು ಮಾಡ್‌ಪ್ರೋಬ್ ಕೊಟ್ಟರೂ ಬರುವುದಿಲ್ಲ. ನಾನು ಬಾಡಿಗೆಗೆ ತೆಗೆದುಕೊಂಡ ಒಂದು ಸರ್ವರ್‌ನಲ್ಲಿ ಹೀಗೇ ಆಗಿತ್ತು. ಅಲ್ಲಿ ಗೆಸ್ಟ್‌ಫಿಶ್ ಅನ್ನುವ ಇನ್ನೊಂದು ಟೂಲ್ ಬಳಸಿದೆ. ಅದು ತನ್ನದೇ ಒಂದು ಪುಟ್ಟ ವರ್ಚುವಲ್ ಮಷೀನ್ ಎಬ್ಬಿಸಿ ಡಿಸ್ಕ್ ಓದುತ್ತದೆ, ಎನ್‌ಬಿಡಿ ಮಾಡ್ಯೂಲ್ ಕೇಳುವುದಿಲ್ಲ. ನಿಧಾನ, ಆದರೆ ಕೆಲಸ ಆಗುತ್ತದೆ. ಡಿಸ್ಕ್ ಫೈಲ್ ರಾ ರೂಪದಲ್ಲಿದ್ದರೆ (ಡಿಸ್ಕ್‌ನ ಯಥಾವತ್ ನಕಲಿನಂತೆ) ಇಷ್ಟೆಲ್ಲ ಬೇಡ, ಫೈಲನ್ನು ಡಿಸ್ಕ್‌ನಂತೆ ತೋರಿಸುವ ಲಿನಕ್ಸ್‌ನ ಲೂಪ್ ಡಿವೈಸ್ ಸಾಕು.

ಕಂಟೈನರ್ (ಹೊರಗಿನ ಮಷೀನ್‌ನ ಕರ್ನಲನ್ನೇ ಬಳಸುವ ಪ್ರತ್ಯೇಕ ಪರಿಸರ) ಒಳಗಿಂದ ಪ್ರಯತ್ನಿಸುವವರು ಮಾಡ್ಯೂಲನ್ನು ಹೋಸ್ಟ್‌ನಲ್ಲೇ, ಅಂದರೆ ಆ ಹೊರಗಿನ ಮಷೀನ್‌ನಲ್ಲೇ, ಲೋಡ್ ಮಾಡಿ. ಕರ್ನಲ್ ಇರುವುದು ಅಲ್ಲೊಂದೇ ಅಲ್ವಾ.

ಹಳೆಯ ಕರ್ನಲ್‌ಗಳಲ್ಲಿ ಇನ್ನೊಂದು ಕಿರಿಕಿರಿ ಇದೆ. ಮಾಡ್ಯೂಲ್ ಬಂದಿರುತ್ತದೆ, ಡಿಸ್ಕ್ ಕಾಣುತ್ತದೆ, ಒಳಗಿನ ಪಾರ್ಟಿಶನ್‌ಗಳು (ಡಿಸ್ಕ್‌ನ ಭಾಗಗಳು) ಮಾತ್ರ ಕಾಣುವುದಿಲ್ಲ. ಎಷ್ಟು ಪಾರ್ಟಿಶನ್ ತೋರಿಸಬೇಕು ಅಂತ ಹೇಳುವ ಮ್ಯಾಕ್ಸ್‌ಪಾರ್ಟ್ ಅನ್ನುವ ಆಯ್ಕೆ ಅಲ್ಲಿ ಸೊನ್ನೆ ಇರುತ್ತದೆ. ಮಾಡ್ಯೂಲ್ ತೆಗೆದು, ಅದನ್ನು 8 ಅಂತ ಕೊಟ್ಟು ಮತ್ತೆ ಲೋಡ್ ಮಾಡಿದರೆ ಎನ್‌ಬಿಡಿ0ಪಿ1, ಎನ್‌ಬಿಡಿ0ಪಿ2 ಸಾಲಾಗಿ ಬರುತ್ತವೆ.

5ಕ್ಕೆ 4 ಅಂಕ ಕೊಡುತ್ತೇನೆ, ಒಂದು ಕಡಿಮೆಯಾದದ್ದು ಆ ಅರೆಬರೆ ಎರರ್‌ಗಾಗಿ. ಬಳಸುವವರಿಗೆ ಒಂದು ಮಾತು: ಓಡುತ್ತಿರುವ ಮಷೀನ್‌ನ ಡಿಸ್ಕನ್ನು ಬರೆಯುವಂತೆ ಜೋಡಿಸಲೇಬೇಡಿ. 2017ರಲ್ಲಿ ಬಂದ ಕ್ಯೂಎಮು 2.10ರಿಂದ ಹಾಗಾಗದಂತೆ ತಡೆಯುವ ಲಾಕ್ ಇದೆ ನಿಜ, ಆದರೂ ಸುಮ್ನೆ ನೋಡುವುದಷ್ಟೇ ಇದ್ದರೆ ನಾನು ರೀಡ್-ಓನ್ಲಿ ಆಯ್ಕೆಯನ್ನೇ ಹಾಕುತ್ತೇನೆ. ಮುಗಿದ ಮೇಲೆ ಮೊದಲು ಅನ್‌ಮೌಂಟ್, ಆಮೇಲೆ ಡಿಸ್ಕನೆಕ್ಟ್.